ತಪ್ಪು ಅರ್ಥ

ಕತ್ತಿನ ಹತ್ತಿರ ಕತ್ತಿ ಹಿಡಿದು ಪಾಠ ಹೇಳುವ ಮೇಷ್ಟ್ರಿಗೆ ಎದುರಾಡುವ ಧೈರ್ಯ ಯಾರಿಗಿದ್ದೀತು? ಗಿರಾಕಿಗಳು ಆ ಕ್ಷೌರಿಕನಿಗೆ ‘ಡಿಕ್ಷನರಿ’ ಎಂದೇ ಹೆಸರಿಟ್ಟಿದ್ದರು. ಯಾರೋ ಮರೆತು ಬಿಟ್ಟುಹೋದ, ರಟ್ಟು ಕಿತ್ತ ಇಂಗ್ಲಿಷ್ ನಿಘಂಟೊಂದು ಅವನ ಕನ್ನಡಿಯ ಕೆಳಗೆ ಬಾಚಣಿಗೆಗಳ ಜೊತೆ ಬಿದ್ದಿರುತ್ತಿತ್ತು. ಗಿರಾಕಿಯ ತೋಳು ಚಿವುಟಿ, “ಮಸಲ್ ಅಂದ್ರೇನು ಗೊತ್ತಾ? ಲ್ಯಾಟಿನ್‌ನಲ್ಲಿ ಪುಟ್ಟ ಇಲಿ! ಚರ್ಮದಡಿ ಹೇಗೆ ಓಡಾಡುತ್ತೆ ನೋಡಿ,” ಎನ್ನುತ್ತಿದ್ದ.

ಊಟಕ್ಕೆ ಕೂತಾಗ ಹೆಂಡತಿಗೂ ಅದೇ ಪಾಠ. “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು,” ಎಂದು ಅವಳು ಮೂತಿ ತಿರುವುತ್ತಿದ್ದಳು. ಆದರೆ ಒಂದು ಪದವನ್ನೂ ಬಿಡದೆ ಕೇಳಿಸಿಕೊಳ್ಳುತ್ತಿದ್ದಳು. ಜಗಳವಾಗಿ ಅವನು ಮಾತು ಬಿಟ್ಟರೆ ಅವಳ ಬಳಿ ಮದ್ದಿತ್ತು. ಒಲೆಯ ಮುಂದೆ ನಿಂತು, ಗೋಡೆಗೆ ಹೇಳುವಂತೆ, ಯಾವುದೋ ಪದಕ್ಕೆ ಬೇಕೆಂದೇ ತಪ್ಪು ಅರ್ಥ ಹೇಳುವಳು. ತಪ್ಪು ಅರ್ಥವೆಂದರೆ ಅವನಿಗೆ ಮೈಯೆಲ್ಲ ಉರಿ. “ಅಯ್ಯೋ ಪೆದ್ದಿ, ಹಾಗಲ್ಲ ಅದು!” ಎಂದು ಓಡಿಬರುವನು. ಜಗಳ ಅಲ್ಲಿಗೆ ಮುಗಿಯಿತು.

ಆಮೇಲೆ ಮರೆವಿನ ಕಾಯಿಲೆ ಬಂತು. ಮೊದಲು ಕತ್ತರಿ ಇಟ್ಟ ಜಾಗ ಮರೆತ, ಆಮೇಲೆ ಗಿರಾಕಿಗಳ ಮುಖ. ಒಬ್ಬರ ಅರ್ಧ ತಲೆಗೂದಲು ಕತ್ತರಿಸಿ, ಮುಂದೇನೆಂದು ತೋಚದೆ ನಿಂತುಬಿಟ್ಟ ದಿನ ಅಂಗಡಿಗೆ ಬೀಗ ಬಿತ್ತು.

“ಅತ್ತಿಗೆ, ಎಷ್ಟು ದಿನ ಅಂತ ಬೀಗ ಕಾಯ್ತೀರಿ? ಅಂಗಡೀನ ಬೇರೆಯವರಿಗೆ ಕೊಟ್ಟುಬಿಡೋಣ,” ಎಂದ ಮೈದುನ.

“ಆ ಮರೆವಿನ ಒಳಗೆ ಅವರು ಇನ್ನೂ ಇದ್ದಾರೆ. ನಾನು ತಪ್ಪು ಅರ್ಥ ಹೇಳಿದ್ರೆ ಸುಮ್ನಿರಲ್ಲ ನೋಡು. ಸುಮ್ನಿದ್ರೆ, ಕೀಲಿ ನಾನೇ ಕೊಡ್ತೀನಿ.”

ಕಾಯಿಲೆಯ ಜೊತೆ ಯಾರಾದರೂ ಪಂದ್ಯ ಕಟ್ಟುತ್ತಾರೆಯೇ? ಅವಳು ಕಟ್ಟಿದಳು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ.

ಚಳಿಗಾಲದ ಬೆಳಿಗ್ಗೆ ಅವನನ್ನು ಕಿಟಕಿಯ ಬಿಸಿಲಿಗೆ ಕೂರಿಸಿ, ಅವನದೇ ಕತ್ತಿಯಿಂದ ಗಡ್ಡ ಹೆರೆಯತೊಡಗಿದಳು. ಮೈದುನ ಬಾಗಿಲಲ್ಲಿ ನಿಂತಿದ್ದ.

“ವಿಂಡೋ ಅಂದ್ರೆ ಹಿಂದೆ ಕಳ್ಳ ಬರೋ ದಾರಿ ಅಂತ ಅರ್ಥ ಇತ್ತಂತೆ. ಅಲ್ವಾ?”

ಅದು ‘ಗಾಳಿಯ ಕಣ್ಣು’ ಎಂದು ಅವಳಿಗೆ ನೂರು ಸಲ ಹೇಳಿದ್ದವನು ಅವನೇ. ಈಗ ಕಿಟಕಿ ನೋಡಿದ, ಅವಳನ್ನು ನೋಡಿದ. ಅವಳ ಕೈ ನಿಂತಿತು.

“ಹೌದು, ಹೌದು,” ಎಂದ.

“ಮಸಲ್ ಅಂದ್ರೆ... ಬೆಕ್ಕು.”

“ಇರಬಹುದು.”

ಹೇಳಿದ್ದಕ್ಕೆಲ್ಲ ಹೂಂಗುಟ್ಟುವ ಗಂಡ ಅವಳಿಗೆಂದೂ ಬೇಕಿರಲಿಲ್ಲ.

ಸೊಂಟದಲ್ಲಿದ್ದ ಕೀಲಿ ತೆಗೆದು ಮೈದುನನ ಕೈಗಿಟ್ಟಳು. ಮತ್ತೆ ಬಂದು ಉಳಿದ ಅರ್ಧ ಗಡ್ಡ ಮುಗಿಸಿದಳು. ಅವನು ಬಿಸಿಲಿಗೆ ಮುಖವೊಡ್ಡಿ ಸುಖವಾಗಿ ಕಣ್ಣು ಮುಚ್ಚಿದ್ದ.

“ಚಳಿಗಾಲದ ಬಿಸಿಲು ಹೀಗೆ ಬೆಚ್ಚಗಿರುತ್ತಲ್ಲ, ಅದಕ್ಕೆ ಇಂಗ್ಲಿಷ್‌ನಲ್ಲಿ ಅಪ್ರಿಸಿಟಿ ಅಂತಾರೆ. ಲ್ಯಾಟಿನ್‌ನಿಂದ ಬಂದಿದ್ದು. ಈಗ ಯಾರೂ ಬಳಸಲ್ಲ.” ಈ ಸಲ ಸರಿಯಾಗಿಯೇ ಹೇಳಿದಳು.

“ಚೆನ್ನಾಗಿದೆ. ಯಾರು ಹೇಳಿಕೊಟ್ರು ನಿಮಗೆ?”

“ನಮ್ಮನೆಯವರು.”

“ತುಂಬಾ ತಿಳಿದವರಿರಬೇಕು. ಒಂದ್ಸಲ ನನಗೂ ಪರಿಚಯ ಮಾಡಿಸಿ.”

“ಬಂದ್ರೆ ಮಾಡಿಸ್ತೀನಿ,” ಎಂದು ಅವಳು ಒದ್ದೆ ಬಟ್ಟೆಯಿಂದ ಅವನ ಕೆನ್ನೆ ಒರೆಸಿದಳು.