ರತ್ನ ನೀರು ಹಾಕಿದ್ದಳು

ಬ್ಯಾಟರಿಯ ನೀರು ತೆಗೆದವಳು ನಾನು. ರತ್ನ ಮರೆತಿರಲಿಲ್ಲ. ತವರಿಗೆ ಹೊರಡುವ ಮುಂಚೆ ಬ್ಯಾಟರಿಯ ಆರೂ ಬಾಯಿಗೆ ನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಕೈ ತೊಳೆದುಕೊಂಡೇ ಹೋದವಳು ಅವಳು. ತೆಗೆದವಳು ಈ ಗೌರಮ್ಮ, ಅಂದರೆ ನಾನು — ಈ ಮನೆಯ ಹಿರೀ ಸೊಸೆ, ಹಬ್ಬ ಬಂದರೆ ಎಲ್ಲರಿಂದಲೂ ಕಾಲಿಗೆ ನಮಸ್ಕಾರ ಮಾಡಿಸಿಕೊಳ್ಳುವ ದೊಡ್ಡ ಹೆಂಗಸು.

ಇಪ್ಪತ್ತು ವರ್ಷದ ಮೇಲಾಯಿತು. ಅದೂ ಒಂದು ಆಟದ ಡಬ್ಬಿಯ ವಿಚಾರಕ್ಕೆ. ನಗುವವರು ನಗಲಿ. ನಾನೂ ನಕ್ಕಿದ್ದೇನೆ — ನಕ್ಕು ನಕ್ಕೇ ಇಷ್ಟು ವರ್ಷ ತಳ್ಳಿದ್ದು.

ನಾನು ಓದಿದ್ದು ಮೂರನೇ ಕ್ಲಾಸು. ಇದನ್ನು ಬರೆದಿದ್ದು ನಾನೇ, ಕಾಗುಣಿತ ತಿದ್ದಿದ್ದು ಮೊಮ್ಮಗಳು ಕಾವ್ಯ. ಮಾತು ತಿದ್ದಿದರೆ ಕೈ ಮುರಿಯುತ್ತೇನೆ ಅಂದಿದ್ದೇನೆ. ತಪ್ಪು ಮಾಡಿ ಆಮೇಲೆ ಮೂಗು ಸುರಿಸಿಕೊಂಡು ಒಪ್ಪಿಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅವರಿಗೆ ಬೇಕಾಗಿರುವುದು ಬೆನ್ನು ಸವರುವವರು. ನನ್ನ ಬೆನ್ನು ಯಾರೂ ಮುಟ್ಟಬೇಕಾಗಿಲ್ಲ.

ನ್ಯಾಮತಿಯಲ್ಲಿ ನಮ್ಮದು ಬ್ಯಾಟರಿ ಅಂಗಡಿ. ಟ್ರ್ಯಾಕ್ಟರಿನದು, ಲಾರಿಯದು ಚಾರ್ಜ್ ಮಾಡಿ ಕೊಡುವುದು. ನಡೆಸುತ್ತಿದ್ದವನು ನನ್ನ ಮೈದುನ ಮಲ್ಲೇಶ. ಅವನ ಹೆಂಡತಿ ರತ್ನ, ಜಗಳೂರಿನವಳು, ನನಗೆ ವಾರಗಿತ್ತಿ. ಬಂದ ಹೊಸದರಲ್ಲಿ ಎರಡು ಸಲ ಸಾರಿಗೆ ಉಪ್ಪು ಹಾಕುವುದು ಮರೆತಳು. ಅಷ್ಟಕ್ಕೇ 'ಮರೆಗುಳಿ' ಅಂತ ಹೆಸರಿಟ್ಟೆ. ಆ ಹೆಸರು ಇಟ್ಟವಳೂ ನಾನೇ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ಸಲ ಮಲ್ಲೇಶ ದಾವಣಗೆರೆಯಿಂದ ಟಿವಿಗೆ ಜೋಡಿಸುವ ಆಟದ ಡಬ್ಬಿ ತಂದ. ಮೇಲೆ ಕ್ಯಾಸೆಟ್ ಸಿಕ್ಕಿಸಿ ಕೈಯಲ್ಲಿ ಗುಂಡಿ ಒತ್ತಬೇಕು. ಮನೆಯ ಗಂಡಸರೆಲ್ಲ ಬಿದ್ದು ಸಾಯುತ್ತಿದ್ದುದು ಎರಡೇ ಆಟಕ್ಕೆ — ಒಂದರಲ್ಲಿ ಮಂಗನ ಹಾಗೆ ಜಿಗಿಯುವುದು, ಇನ್ನೊಂದರಲ್ಲಿ ಢಂ ಢಂ ಅಂತ ಸುಡುವುದು. ಅದೇ ಕಂತೆಯಲ್ಲಿ ಮೂರನೇ ಕ್ಯಾಸೆಟ್ ಒಂದಿತ್ತು. ಜಿಗಿತ ಇಲ್ಲ, ಗುಂಡು ಇಲ್ಲ. ಒಂದು ನಕಾಶೆ, ಅದರಲ್ಲಿ ಹದಿನೇಳು ನಾಡು, ಒಂದು ನಮ್ಮದು. ಕಾಳೆಷ್ಟು, ಜನವೆಷ್ಟು, ದಂಡೆಷ್ಟು ಅಂತ ಅಂಕಿ. ಒಂದು ಸುಗ್ಗಿಗೆ ಒಂದೇ ಕೆಲಸ ಹೇಳಬಹುದು — ಬಿತ್ತು, ಕಟ್ಟೆ ಕಟ್ಟು, ದಂಡು ಕಳಿಸು. ಹದಿನೇಳೂ ನಮ್ಮದಾದರೆ ಗೆದ್ದ ಹಾಗೆ. ಗಂಡಸರು ಒಂದು ಗಳಿಗೆ ನೋಡಿ, ಇದೇನು ಪಂಚಾಯ್ತಿ ಮೀಟಿಂಗು ಅಂತ ಮೂಲೆಗೆಸೆದರು. ಬೆರಳು ಕುಣಿಸುವುದು ಬಿಟ್ಟು ಅವರಿಗೆ ಬೇರೆ ಏನು ಬರುತ್ತಿತ್ತು.

ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಅದನ್ನು ಆಡಿದವರು ನಾವಿಬ್ಬರು ಹೆಂಗಸರು. ಬರಹ ಇಂಗ್ಲಿಷು, ತಲೆಬುಡ ತಿಳಿಯದು. ಒತ್ತಿ ಒತ್ತಿಯೇ ಕಲಿತೆವು — ಮೂರನೇ ಸಾಲು ಒತ್ತಿದರೆ ದಂಡು ಏರುತ್ತದೆ, ಐದನೆಯದು ಒತ್ತಿದರೆ ಹೊಳೆ ಉಕ್ಕಿದರೂ ಊರು ಉಳಿಯುತ್ತದೆ. ನನ್ನ ಆಟ ಬರೀ ದಂಡು. ನಾಲ್ಕು ನಾಡು ಹಿಡಿಯುವಷ್ಟರಲ್ಲಿ ಕಾಳು ಮುಗಿದು, ನನ್ನ ದಂಡೇ ನನ್ನ ಮೇಲೆ ತಿರುಗಿ ಬೀಳುತ್ತಿತ್ತು. ರತ್ನ ಮೊದಲು ಕಟ್ಟೆ ಕಟ್ಟಿಸುವಳು, ಆಮೇಲೆ ಕಾಳು ತುಂಬಿಸುವಳು. ಪಕ್ಕದ ನಾಡಿನ ಜನ ತಾವಾಗಿ ನಡೆದು ಇವಳ ಕಡೆ ಬರುತ್ತಿದ್ದರು. ನಾನು ಸೋತು ರಿಮೋಟು ಎಸೆದಾಗ ಒಂದು ದಿನ ಅಂದಳು, "ಅಕ್ಕಾ, ಹಸಿದೋರನ್ನ ಹೊಡಿಯಾಕೆ ಕಳಿಸಿದ್ರೆ ಅವ್ರು ಮೊದ್ಲು ಯಾರನ್ನ ಹೊಡಿತಾರ್ರೀ?"

ನನಗಿಂತ ಹದಿನೈದು ವರ್ಷ ಚಿಕ್ಕವಳು. ಅವಳು ಹೇಳಿದ್ದು ಸರಿ — ಅದೇ ಉರಿ.

ಆ ಕ್ಯಾಸೆಟ್ಟಿಗೆ ಒಂದು ರೋಗ. ಡಬ್ಬಿ ಆರಿದರೆ ಆಡಿದ್ದೆಲ್ಲ ಅಳಿಸಿಹೋಗಿ ಮತ್ತೆ ಮೊದಲಿಂದ. ನಮ್ಮೂರಲ್ಲೋ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತು. ರತ್ನ ಗಂಡನಿಗೆ ಹೇಳಿ ಡಬ್ಬಿಯನ್ನು ಅಂಗಡಿಯ ಹಳೇ ಬ್ಯಾಟರಿಗೆ ಜೋಡಿಸಿಕೊಂಡಳು. ಟಿವಿ ಆರಿಸಿದರೂ ಡಬ್ಬಿಯ ಕೆಂಪು ದೀಪ ಉರಿಯುತ್ತಲೇ ಇರಬೇಕು. ಹಳೇ ಬ್ಯಾಟರಿ, ನೀರು ಬೇಗ ಬತ್ತುತ್ತಿತ್ತು, ಬತ್ತಿದರೆ ದೀಪ ಆರುತ್ತದೆ; ಆ ನೀರು ನೋಡಿಕೊಳ್ಳುವುದು ಅವಳ ಕೆಲಸ. ಒಂದು ತಿಂಗಳು ಆ ದೀಪ ಆರಲಿಲ್ಲ.

ಮಲ್ಲೇಶ ಆಗ ಹೊನ್ನಾಳಿಯಲ್ಲಿ ಇನ್ನೊಂದು ಅಂಗಡಿ ತೆಗೆಯಲು ಓಡಾಡುತ್ತಿದ್ದ. ಊಟಕ್ಕೆ ಬಂದವನು ತಟ್ಟೆ ಹಿಡಿದು ಅವಳ ಆಟ ನೋಡುತ್ತಾ, ಹದಿನೇಳೂ ಗೆದ್ದರೆ ಹೊನ್ನಾಳಿ ಅಂಗಡಿಯಲ್ಲಿ ನೀನೇ ಕೂತ್ಕ ಅಂತ ತಮಾಷೆ ಮಾಡಿದ. ಹದಿನಾಲ್ಕಾಯಿತು, ಹದಿನೈದಾಯಿತು. ಹದಿನಾರಾದಾಗ ಅವನ ತಮಾಷೆ ನಿಂತಿತ್ತು. ನನ್ನ ಗಂಡನ ಹತ್ತಿರ ಬಂದು, ಅಣ್ಣಾ, ಹೊನ್ನಾಳಿಗೆ ಬೇರೆಯವರು ಯಾಕೆ, ಇವಳೇ ಕೂರಲಿ, ನೋಡಿಕೊಳ್ಳೋ ಬುದ್ಧಿ ಐತೆ ಅಂದ. ನನ್ನ ಗಂಡ ಹೂಂ ಅಂದರು. ಅವತ್ತು ರತ್ನ ಸಾರಿಗೆ ಎರಡು ಸಲ ಉಪ್ಪು ಹಾಕಿದಳು, ಖುಷಿಗೆ. ಯಾರೂ ಬಯ್ಯಲಿಲ್ಲ.

ನನ್ನನ್ನು ಯಾವತ್ತೂ ಯಾರೂ ಅಂಗಡಿಯಲ್ಲಿ ಕೂರು ಅಂದಿರಲಿಲ್ಲ. ಇದು ನೆಪ ಅಲ್ಲ. ನಾನೂ ಯಾವತ್ತೂ ಕೂರುತ್ತೇನೆ ಅಂದವಳಲ್ಲ. ನನಗೆ ಬೇಡವಾದದ್ದೇ ಅವಳಿಗೂ ಸಿಗಬಾರದಿತ್ತು — ಇಷ್ಟೇ. ಇದಕ್ಕಿಂತ ಘನವಾದ ಕಾರಣ ಹುಡುಕಿ ನೋಡಿದೆ, ಇಲ್ಲ.

ಒಂದೇ ನಾಡು ಉಳಿದಿತ್ತು. ಆಗ ಜಗಳೂರಲ್ಲಿ ಅವಳ ಅಣ್ಣನ ಮನೆ ಗೃಹಪ್ರವೇಶ ಬಂತು, ಎರಡು ದಿನ. ಹೊರಡುವಾಗ ನನ್ನ ಮುಂದೆಯೇ ನೀರು ತುಂಬಿಸಿ, "ಅಕ್ಕಾ, ನೀರು ಹಾಕೀನಿ. ದೀಪದ ಮೇಲೆ ಒಂದು ಕಣ್ಣಿಟ್ಟಿರ್ರೀ" ಅಂದಳು.

ಇಟ್ಟೆ. ಮಾರನೇ ದಿನ ಬೆಳಿಗ್ಗೆ, ಎಲ್ಲರೂ ಹೊರಗೆ ಹೋದ ಮೇಲೆ, ರಬ್ಬರ್ ಬುಗ್ಗೆಯ ಗಾಜಿನ ಕೊಳವೆ ತಂದು ಬ್ಯಾಟರಿಯ ಒಂದು ಬಾಯಿಯ ನೀರೆಲ್ಲ ಎಳೆದು ಬಚ್ಚಲಿಗೆ ಚೆಲ್ಲಿದೆ. ಕೆಂಪು ದೀಪ ಆರಿತು. ಹದಿನಾರು ನಾಡು ಹೋಯಿತು, ಒಂದು ಸದ್ದೂ ಆಗಲಿಲ್ಲ. ಅಲ್ಲಿಗೇ ನಿಲ್ಲಿಸಬಹುದಿತ್ತು. ಇನ್ನೆರಡು ಬಾಯಿಯದೂ ಎಳೆದೆ — ಒಂದೇ ಒಣಗಿದ್ದರೆ ಮಲ್ಲೇಶನಿಗೆ ಅನುಮಾನ ಬಂದೀತು ಅಂತ. ಸೆರಗಿಗೆ ಆಸಿಡ್ ಸಿಡಿದು ತೂತು ಬಿದ್ದಿತ್ತು, ಆ ಸೀರೆಯನ್ನು ಹಂಡೆ ಒಲೆಗೆ ಹಾಕಿದೆ. ಇಷ್ಟು ಅಚ್ಚುಕಟ್ಟಾಗಿ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಮಲ್ಲೇಶ ಊಟಕ್ಕೆ ಬಂದ. "ನೀರು ಹಾಕಾಕೆ ಮರ್ತು ಹೋಗ್ಯಾಳೆ ನೋಡಪ್ಪ. ಮೊದ್ಲಿಂದ್ಲೂ ಮರೆಗುಳಿ" ಅಂದೆ. ಅವನು ಮುಚ್ಚಳ ಬಿಚ್ಚಿ ನೋಡಿದ, ಮತ್ತೆ ತಿರುಗಿಸಿ ಮುಚ್ಚಿದ.

ರತ್ನ ಬಂದಳು. ಹಾಕಿದ್ದೆನಲ್ಲ ಅಂದಳು ಮೊದಲು. ಅಕ್ಕನ ಮುಂದೇ ಹಾಕಿದ್ದೆ ಅಂತ ನನ್ನ ಮುಖ ನೋಡಿದಳು. ನಾನು ಕಂಡಿಲ್ಲಮ್ಮ ಅಂದೆ. ಸಂಜೆಗೆ, ಹಾಕಿದ್ದೆ ಅನ್ಸುತ್ತೆ ಅಂತಾಯಿತು. ಮರುದಿನ ಮಾತೇ ಇಲ್ಲ. ಮಲ್ಲೇಶ ಕೂಗಾಡಲಿಲ್ಲ, ಒಂದು ಬ್ಯಾಟರಿ ನೋಡಿಕೊಳ್ಳಾಕೆ ಆಗದೋಳು ಅಂಗಡಿ ಏನು ನೋಡ್ತಾಳೆ ಅಂದ, ಅಷ್ಟೇ. ಹೊನ್ನಾಳಿ ಅಂಗಡಿಗೆ ಬೇರೊಬ್ಬನನ್ನು ಕೂರಿಸಿದ. ಅವನು ಕುರ್ಚಿಯಲ್ಲೇ ನಿದ್ದೆ ಹೊಡೆದು ಎರಡು ವರ್ಷಕ್ಕೆ ಬಾಗಿಲು ಹಾಕಿಸಿದ. ಡಬ್ಬಿ ಗುಜರಿಗೆ ಹೋಯಿತು.

ಅವತ್ತಿನಿಂದ ರತ್ನ ಗ್ಯಾಸು ಆರಿಸಿದರೆ ಮೂರು ಸಲ ಮುಟ್ಟಿ ನೋಡುತ್ತಾಳೆ. ಬೀಗ ಹಾಕಿದರೆ ಮೂರು ಸಲ ಜಗ್ಗುತ್ತಾಳೆ. ಬಸ್‌ಸ್ಟ್ಯಾಂಡಿಗೆ ಹೋದವಳು ನಲ್ಲಿ ನಿಲ್ಲಿಸಿದೆನೋ ಇಲ್ಲವೋ ಅಂತ ವಾಪಸ್ಸು ಬರುತ್ತಾಳೆ. ನಾನು? ನಾನು ಅವಳು ಬೀಗ ಜಗ್ಗುವುದನ್ನು ಮಾಡಿ ತೋರಿಸಿ ನೆಂಟರನ್ನೆಲ್ಲ ನಗಿಸುತ್ತಿದ್ದೆ. ಚೆನ್ನಾಗಿ ಮಾಡುತ್ತೇನೆ ಅಂತ ಎಲ್ಲರೂ ಹೇಳುತ್ತಿದ್ದರು.

ಕಾವ್ಯ ಚನ್ನಗಿರಿಯಲ್ಲಿ ಕಾಲೇಜು ಓದುತ್ತಾಳೆ. ಹೋದ ತಿಂಗಳು ರಜೆಗೆ ಬಂದವಳು ಮೊಬೈಲಿನಲ್ಲಿ ಏನೋ ನೋಡುತ್ತಿದ್ದಳು. ಬಗ್ಗಿದೆ — ಅದೇ ನಕಾಶೆ, ಅದೇ ಹದಿನೇಳು ನಾಡು. ಯಾವನೋ ಗಡ್ಡದವನು, ಇಷ್ಟು ಒಳ್ಳೆಯ ಆಟದ ಬೆಲೆ ಆ ಕಾಲದಲ್ಲಿ ಯಾರಿಗೂ ತಿಳಿಯಲಿಲ್ಲ ಅಂತ ಕಣ್ಣೀರು ಹಾಕುವುದೊಂದು ಬಾಕಿ. ನ್ಯಾಮತಿಯಲ್ಲಿ ಒಬ್ಬಳಿಗೆ ತಿಳಿದಿತ್ತು ಕಣಪ್ಪ, ನೀನು ಕೇಳಲಿಲ್ಲ.

ಮೊಬೈಲಿಗೆ ಹಾಕಿಕೊಡು ಅಂದೆ. ಹದಿನೈದು ದಿನ ಆಡಿದೆ. ಐದನೇ ಸಾಲು ಎಲ್ಲಿದೆ ಅಂತ ಬೆರಳಿಗೆ ಇನ್ನೂ ಗೊತ್ತಿತ್ತು. ಮೊದಲು ಕಟ್ಟೆ, ಆಮೇಲೆ ಕಾಳು — ಅವಳ ಆಟವನ್ನೇ ಕದ್ದು ಆಡಿದೆ. ಈಗಿನದರಲ್ಲಿ ಏನೂ ಅಳಿಸುವುದಿಲ್ಲ, ತಾನೇ ನೆನಪಿಟ್ಟುಕೊಳ್ಳುತ್ತದೆ. ಹದಿನೇಳನೆಯದೂ ಬಂತು. ಒಂದು ಬಾವುಟ, ಅದರ ಕೆಳಗೆ ಎರಡು ಸಾಲು. ಏನೇ ಅದು ಅಂದೆ. ನಾಡಿಗೆಲ್ಲ ನೆಮ್ಮದಿ ಬಂತು ಅಂತ ಬರ್ದೈತೆ ಅಜ್ಜಿ ಅಂದಳು.

ಥೂ. ಇಷ್ಟು ನೋಡುವುದಕ್ಕೆ ಅವಳನ್ನು ಬಿಡಲಿಲ್ಲವಲ್ಲ ನಾನು.

ಮೊನ್ನೆ ರತ್ನ ರೊಟ್ಟಿ ಕೊಡಲು ಬಂದಳು, ಈಗ ಎದುರು ಮನೆಯೇ ಅವಳದು. ನಿಂತ ಹಾಗೇ ಹೇಳಿದೆ — ಕೊಳವೆ, ಮೂರು ಬಾಯಿ, ಸುಟ್ಟ ಸೀರೆ, ಒಂದನ್ನೂ ಬಿಡಲಿಲ್ಲ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ...

"ಹಂಗಾದ್ರೆ ನಾನು ನೀರು ಹಾಕಿದ್ದೆ."

"ಹಾಕಿದ್ದೆ."

"ಆರಕ್ಕೂ?"

"ಆರಕ್ಕೂ."

ಸೆರಗಿನ ತುದಿ ಬಿಟ್ಟಳು. ಆಮೇಲೆ, "ಇದನ್ನ ಅವ್ರ ಮುಂದೆ ಹೇಳ್ರಿ" ಅಂದಳು. ಅಕ್ಕ ಅನ್ನಲಿಲ್ಲ.

ರೊಟ್ಟಿ ಇಟ್ಟು ಹೋದಳು. ಆಮೇಲೆ ಮನೆಗೆ ಬೀಗ ಹಾಕಿಕೊಂಡು ಎಲ್ಲಿಗೋ ಹೊರಟಿದ್ದು ಕಿಟಕಿಯಿಂದ ಕಂಡಿತು. ಒಂದು ಸಲ ಜಗ್ಗಿದಳು. ಎರಡನೇ ಸಲ. ಕೈ ಬಿಟ್ಟು ಎರಡು ಹೆಜ್ಜೆ ಇಟ್ಟಳು — ವಾಪಸ್ಸು ಬಂದು ಮೂರನೇ ಸಲವೂ ಜಗ್ಗಿದಳು. ನನ್ನ ಒಂದು ಮಾತಿಗೆ ಬಂದದ್ದು ನನ್ನ ಇನ್ನೊಂದು ಮಾತಿಗೆ ಹೋಗುತ್ತದೆ ಅಂದುಕೊಂಡಿದ್ದೆ, ಆ ಸೊಕ್ಕು ನೋಡಿ.

ಸೋಮವಾರ ಅಂಗಡಿಗೆ ರಜೆ, ಮಲ್ಲೇಶ ಮನೆಯಲ್ಲಿರುತ್ತಾನೆ. ನಾನು ಮಾಡಿ ತೋರಿಸುವಾಗ ನಕ್ಕವರನ್ನೂ ಊಟಕ್ಕೆ ಕರೆಸಿದ್ದೇನೆ. ಬಾಯಲ್ಲಿ ಹೇಳಿದರೆ ನಾನೇ ಪಾಪದವಳು ಅನ್ನುವ ಹಾಗೆ ತಿರುಗಿಸಿಬಿಡುತ್ತೇನೆ, ನನ್ನ ಬಾಯಿ ನನಗೆ ಗೊತ್ತು. ಅದಕ್ಕೇ ಬರೆದಿದ್ದು. ಈ ಹಾಳೆ ಹಿಡಿದು ನಿಂತು ಓದುತ್ತೇನೆ. ಅರ್ಧಕ್ಕೆ ಎದ್ದು ಹೋಗುವವರು ಹೋಗಲಿ, ಮೊದಲ ಎರಡು ಸಾಲು ಅವರ ಕಿವಿಗೆ ಬಿದ್ದರೆ ಸಾಕು.