ತಿಮೆಸ್ಸಳ ಪಾಲಿನ ನಾಲಿಗೆ

ನಮ್ಮ ದ್ವೀಪದಲ್ಲಿ, ಬೆಳೆ ಕಾಯುವ ದೆಮೆತೆರ್ ತಾಯಿಯ ಗುಡಿಯಲ್ಲಿ ಪೂಜಾರಿಣಿಯಾಗಿದ್ದ ತಿಮೆಸ್ಸಳಿಗೆ ದೇವಿಯ ಮೇಲೆ ಭಕ್ತಿ, ಹಂದಿಯ ನಾಲಿಗೆಯ ಮೇಲೆ ಪ್ರಾಣ. ಬಲಿ ಕೊಟ್ಟ ಹಂದಿಯ ತೊಡೆ, ಚರ್ಮ, ನಾಲಿಗೆ ಪೂಜಾರಿಣಿಗೆ ಎಂಬುದು ಅಜ್ಜಿಯರ ಕಾಲದ ರೂಢಿ. ಒಂದು ವರ್ಷ ಬಲಿಯ ಉಸ್ತುವಾರಿ ವ್ಯಾಪಾರಿ ಫನೋದಿಕನಿಗೆ ಬಂತು. ಅವನು ಮೂರನ್ನೂ ತನ್ನ ಬುಟ್ಟಿಗೇ ಹಾಕಿಕೊಂಡ.

"ಏನಣ್ಣ, ಅದು ನನ್ ಪಾಲು!"

"ಎಲ್ಲಿ ಬರ್ದಿದೆ, ತೋರ್ಸಮ್ಮ?"

ಎಲ್ಲೂ ಬರೆದಿರಲಿಲ್ಲ. ತಿಮೆಸ್ಸ ಗುಡಿಗೆ ಬೀಗ ಜಡಿದು ಮನೆಗೆ ಹೋದಳು. ಬಿತ್ತನೆಗೆ ಮುಂಚಿನ ಹೆಂಗಸರ ಹಬ್ಬ ಹತ್ತಿರವಿತ್ತು. ಗುಡಿ ತೆರೆಯದಿದ್ದರೆ ಹಬ್ಬ ಹೇಗೆ? ಊರಿನ ಹೆಂಗಸರು ತಮ್ಮ ತಮ್ಮ ಗಂಡಂದಿರನ್ನು ಹುರಿದು ಮುಕ್ಕಿದರು. ಗಂಡಸರು ಗಡಿಬಿಡಿಯಿಂದ ಸಭೆ ಸೇರಿದರು.

ಸಭೆಯಲ್ಲಿ ಹೆಂಗಸರು ಬಾಯಿ ತೆರೆಯುವಂತಿಲ್ಲ. ತಿಮೆಸ್ಸಳ ಪರವಾಗಿ ಅವಳ ತಮ್ಮ ಲಿಸಾನಿಯ ಎದ್ದುನಿಂತ. ಕಡಲಲ್ಲಿ ಮುಳುಗಿ ಸ್ಪಂಜು ಕೀಳುವವನು. ಉಸಿರು ಕಟ್ಟಿ ಅಭ್ಯಾಸ, ಮಾತಾಡಿ ಅಲ್ಲ. "ತೊಡೆ... ಚರ್ಮ..." ಎಂದವನೇ ಬೆವರಿ ಕುಳಿತುಬಿಟ್ಟ. ಅವನು ಹೇಳಿದ ಆ ಎರಡಕ್ಕೇ ಎಲ್ಲರೂ ಒಪ್ಪಿ ಕೈ ಎತ್ತಿದರು. ತೀರ್ಮಾನವನ್ನು ಕಲ್ಲಿನಲ್ಲಿ ಕೆತ್ತಿಸಿ ಗುಡಿಯ ಬಾಗಿಲಲ್ಲಿ ನಿಲ್ಲಿಸಿದರು.

ಲಿಸಾನಿಯ ಹೆಮ್ಮೆಯಿಂದ ಅಕ್ಕನಿಗೆ ಓದಿ ಹೇಳಿದ.

"ನಾಲಿಗೆ ಎಲ್ಲೋ?"

"ಅಷ್ಟು ಜನರನ್ನ ನೋಡಿ ನನ್ ನಾಲಿಗೆನೇ ಒಳಗೆ ಹೋಯ್ತಕ್ಕ."

"ಹಾಗಾದ್ರೆ ನಿಂದನ್ನೇ ಕಿತ್ತು ಬೇಯಿಸ್ಲಾ?"

ಹಬ್ಬವೇನೋ ನಡೆಯಿತು. ಆದರೆ ಮುಂದಿನ ಬಲಿಯಲ್ಲಿ ಫನೋದಿಕ ಕಲ್ಲಿನತ್ತ ಬೆರಳು ತೋರಿಸಿ, ನಾಲಿಗೆಯನ್ನು ನಗುತ್ತಲೇ ಎತ್ತಿಕೊಂಡ. ತಿಮೆಸ್ಸ ಜಗಳವಾಡಲಿಲ್ಲ. ಬಲಿಪೀಠದ ಮುಂದೆ ನಿಂತು, ಊರಿನವರೆಲ್ಲ ಕೇಳುವ ಹಾಗೆ ಪ್ರಾರ್ಥಿಸಿದಳು: "ತಾಯೀ, ಪಾಪ, ನಮ್ ಫನೋದಿಕಂಗೆ ಒಂದು ನಾಲಿಗೆ ಸಾಲ್ತಿರ್ಲಿಲ್ಲ. ಈಗ ಎರಡಾಗಿದೆ, ಕಾಪಾಡವ್ವ!"

ಜನ ಬಿದ್ದು ಬಿದ್ದು ನಕ್ಕರು. ಮರುದಿನದಿಂದ ಮೀನಿನ ಅಂಗಡಿಯಲ್ಲಿ, ಊರವರೆಲ್ಲ ಸೇರುವ ಸ್ನಾನದ ಮನೆಯಲ್ಲಿ, ಎಲ್ಲೆಲ್ಲೂ ಅವನು 'ಎರಡು ನಾಲಿಗೆಯವನು'. ಅವನು ಬೆಲೆ ಹೇಳಿದರೆ, "ಯಾವ ನಾಲಿಗೆಯಿಂದ ಹೇಳ್ತಿದ್ದೀಯಪ್ಪ?" ಎನ್ನುವರು. ತಾಳಲಾರದೆ, ಮುಂದಿನ ಸಭೆಯಲ್ಲಿ ತಾನೇ ಎದ್ದು ತಿದ್ದುಪಡಿ ಕೇಳಿದ.

ಕಲ್ಲಿನಲ್ಲಿ ಜಾಗ ಉಳಿದಿರಲಿಲ್ಲ. ಅಂಚಿನಲ್ಲಿ ಇರುವೆಯಂಥ ಅಕ್ಷರಗಳನ್ನು ತುರುಕಿದರು: "ನಾಲಿಗೆಯೂ ಪೂಜಾರಿಣಿಗೆ. ಸೂಚಿಸಿದವನು ಫನೋದಿಕ." ಹೆಸರು ಕಲ್ಲಿಗೇರಿದ್ದೇ ತಡ, ಫನೋದಿಕ ದಾರಿಹೋಕರನ್ನೆಲ್ಲ ನಿಲ್ಲಿಸಿ ಓದಿಸತೊಡಗಿದ.

"ನಿನ್ ಹೆಸರು ಎಲ್ಲೂ ಇಲ್ವಲ್ಲಕ್ಕ," ಎಂದು ಲಿಸಾನಿಯ ಕೊರಗಿದ.

ತಿಮೆಸ್ಸ ನಾಲಿಗೆಯನ್ನು ಹುಳಿರಸದಲ್ಲಿ ಬೇಯಿಸುತ್ತಿದ್ದಳು. "ಹೆಸರಿಗೆ ಉಪ್ಪು ಹಾಕ್ಕೊಂಡು ತಿನ್ನಕ್ಕಾಗುತ್ತೇನೋ? ತಟ್ಟೆ ತಗೊಂಡ್ ಬಾ," ಎಂದಳು.