ಕುದುರೆ ಕುಡಿಯದ ಕ್ಯಾನ್ ನೀರು

ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಕುದುರೆ ಬಕೆಟ್ಟಿಗೆ ಮೂತಿಯಿಟ್ಟು, ತುಟಿ ಒದ್ದೆ ಮಾಡಿಕೊಂಡು, ತಲೆ ಎತ್ತಿಬಿಟ್ಟಿತು. ಕೆಡಲು ಶುರುವಾದದ್ದು ಅಲ್ಲಿಂದ. ಆಗ ನನಗದು ತಿಳಿಯಲಿಲ್ಲ, ತಂಗಿಗೂ ತಿಳಿಯಲಿಲ್ಲ. "ಆಮೇಲೆ ಕುಡೀತಾನೆ ಬಿಡು ಅಕ್ಕ," ಅಂದಳು. ನಮ್ಮ ಮನೆಯಲ್ಲಿ ಅವನನ್ನು ಯಾರೂ 'ಅದು' ಅನ್ನುವುದಿಲ್ಲ.

ತಂಗಿ ಬಿಳೇಕಹಳ್ಳಿಯಲ್ಲಿ ಹಲ್ಲಿನ ಡಾಕ್ಟರು. ಮದುವೆ ಬೇಡವೆಂದು ಅಮ್ಮನ ಹತ್ತಿರ ವಾದಿಸಿ ಗೆದ್ದ ಮೇಲೆ ಕುದುರೆ ಬೇಕೆಂದಳು. ಅವನಿರುವುದು ಕನಕಪುರ ರಸ್ತೆಯ ಆಚೆ, ಒಂದು ಲಾಯದಲ್ಲಿ. ಬೆಳಗಿನ ಜಾವ ಸಾರಕ್ಕಿಯ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹೋಗಿ ಸವಾರಿ ಮಾಡಿ, ಆಮೇಲೆ ಕ್ಲಿನಿಕ್ ತೆರೆಯುತ್ತಾಳೆ.

ಆ ಭಾನುವಾರ ನಡೆದದ್ದು ಅವರಿಬ್ಬರ ಮೊದಲ ದೂರದ ಓಟದ ಸ್ಪರ್ಧೆ. ನಲವತ್ತು ಕಿಲೋಮೀಟರು, ಎರಡು ಸುತ್ತು. ಇದರಲ್ಲಿ ಮೊದಲು ಬಂದರೆ ಸಾಲದು. ಪ್ರತಿ ಸುತ್ತಿನ ಕೊನೆಗೆ ಪಶುವೈದ್ಯರು ಕುದುರೆಯ ನಾಡಿ, ಚರ್ಮ, ಹೊಟ್ಟೆಯ ಸದ್ದು ನೋಡಿ ಒಪ್ಪಬೇಕು. ನನ್ನ ಪಾಲಿನ ಕೆಲಸ ನೀರು: ಕುಡಿಸುವುದು, ಮೈಮೇಲೆ ಸುರಿಯುವುದು.

ನೀರಿನ ವಿಚಾರದಲ್ಲಿ ಅಮ್ಮನದು ಒಂದೇ ನಿಯಮ, ಕಂಡ ಊರಿನ ನೀರು ಕುಡಿಯಬಾರದು. ಯಾತ್ರೆಗೆ ಹೋದರೂ ಮದುವೆಗೆ ಹೋದರೂ ಮನೆಯಿಂದ ನೀರು ಹೊತ್ತ ಸಂಸಾರ ನಮ್ಮದು. "ಅಲ್ಲಿ ಟ್ಯಾಂಕರ್ ನೀರಂತೆ. ಮಗೂಗೆ ಹೊಟ್ಟೆ ಕೆಟ್ರೆ? ಕ್ಯಾನ್ ತಗೊಂಡ್ಹೋಗಿ," ಅಂದಿದ್ದಳು. ಮಗು ಅಂದರೆ ಕುದುರೆ. ನಾವು ಕುಡಿಯುವ ಅದೇ ಶುದ್ಧ ನೀರನ್ನು ಕಾರಿನ ತುಂಬ ಹೇರಿಕೊಂಡು ಹೋಗಿದ್ದೆವು. ಪಕ್ಕದ ಸವಾರನೊಬ್ಬ, "ಮೇಡಂ, ಇದು ಕುದುರೆಗಾ, ಬೀಗರಿಗಾ?" ಅಂದ. ನಾವೂ ನಕ್ಕೆವು.

ಮೊದಲ ಸುತ್ತು ಮುಗಿದಾಗ ವೈದ್ಯರು ಅವನ ಕುತ್ತಿಗೆಯ ಚರ್ಮ ಹಿಡಿದು ಬಿಟ್ಟು ನೋಡಿದರು. "ನಾಡಿ ಸರಿಯಿದೆ. ಚೆನ್ನಾಗಿ ನೀರು ಕುಡಿಸಿ ಹೊರಡಮ್ಮ." ವಿರಾಮ ಮುಗಿಯುವವರೆಗೂ ಬಕೆಟ್ ಹಿಡಿದು ನಿಂತೆ. ಅವನು ನನ್ನ ಭುಜಕ್ಕೆ ಮೂತಿ ಒರೆಸಿದ, ಅಷ್ಟೆ. ಹುಲ್ಲು ತಿಂದನಲ್ಲ, ಚೆನ್ನಾಗಿಯೇ ಇದ್ದಾನೆ ಎಂದುಕೊಂಡು ತಂಗಿ ಹೊರಟಳು.

ಎರಡನೆಯ ಸುತ್ತಿನಿಂದ ಅವಳು ನಡೆದು ಬಂದಳು. ಹೊಲದ ಪಕ್ಕದ ಮಣ್ಣುದಾರಿಯಲ್ಲಿ ಮುಂದೆ ಅವಳು, ಹಿಂದೆ ಲಗಾಮಿನ ತುದಿಯಲ್ಲಿ ಅವನು, ತಲೆ ಮೊಣಕಾಲಿನ ಮಟ್ಟಕ್ಕೆ ಇಳಿದಿತ್ತು. ನಾನು ಓಡಿದೆ. ಅಂಥ ಬಿಸಿಲಿನಲ್ಲೂ ಅವನ ಮೈ ಬೆವರಿಲ್ಲದೆ ಒಣಗಿತ್ತು. ಪಕ್ಕೆಯ ಮಾಂಸ ತಾನಾಗಿ ಎಗರುತ್ತಿತ್ತು. ನೋಡುತ್ತಿದ್ದಂತೆ ಮುಂಗಾಲು ಮಡಿಚಿ ಮಲಗಿಬಿಟ್ಟ. ತಂಗಿ ಪಕ್ಕದಲ್ಲೇ ಕುಕ್ಕರಿಸಿ "ಏಳೋ ಕಂದ, ಏಳೋ" ಅನ್ನುತ್ತಿದ್ದಳು. ನೋವಿಗೆ ಅವನು ಮಗ್ಗುಲು ಹೊರಳಿದಾಗ ಹಿಂಗಾಲಿನ ಗೊರಸು ಅವಳ ಕಿವಿಯ ಪಕ್ಕದಿಂದ ಹಾದುಹೋಯಿತು. ಅವಳು ಅಲ್ಲಾಡಲಿಲ್ಲ. ಅವಳಿಗದು ಕಾಣಿಸಲೇ ಇಲ್ಲ. ಕಂಡದ್ದು ನನಗೆ.

ವೈದ್ಯರು ಜೀಪಿನಲ್ಲಿ ಬಂದು ಡ್ರಿಪ್ ಹಾಕಿದರು. ಸ್ಟೆತಸ್ಕೋಪನ್ನು ಹೊಟ್ಟೆಯ ಎರಡೂ ಪಕ್ಕ ಇಟ್ಟು ಬಹಳ ಹೊತ್ತು ಕೇಳಿದರು. "ನನಗೂ ಕೇಳಿಸಿ ಸಾರ್," ಅಂದೆ. ಲಾಯದಲ್ಲಿ ಎಷ್ಟೋ ಸಲ ಆ ಹೊಟ್ಟೆಗೆ ಕಿವಿಯಿಟ್ಟಿದ್ದೇನೆ. ನಲ್ಲಿಯಲ್ಲಿ ನೀರು ಬರುವ ಮೊದಲು ಪೈಪು ಗುಡುಗುಡು ಅನ್ನುತ್ತದಲ್ಲ, ಹಾಗಿರುತ್ತಿತ್ತು. ಈಗ ಒಳಗೆ ಏನೂ ಇರಲಿಲ್ಲ. ಖಾಲಿ ಮನೆಯ ಬಾಗಿಲಿಗೆ ಕಿವಿಯಿಟ್ಟ ಹಾಗೆ.

"ಕರುಳು ನಿಂತಿದೆ. ನೀರಿಲ್ಲದೆ ಒಣಗಿ ಹೋಗಿದ್ದಾನೆ," ಅಂದರು. "ಉಳೀತಾನೆ ಅಂತ ಲದ್ದಿ ಹಾಕೋವರೆಗೂ ನಾನು ಹೇಳಲ್ಲ."

ಅವನು ಎದ್ದು ನಿಲ್ಲುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಸಂಜೆ ಲಾಯದಲ್ಲಿ ಲಾರಿಯಿಂದ ಇಳಿದವನು ತೂರಾಡುತ್ತ ನೇರ ತೊಟ್ಟಿಯ ಹತ್ತಿರ ಹೋದ. ಬೋರ್‌ವೆಲ್ಲಿನ ಗಡಸು ನೀರು. ತೊಟ್ಟಿಯ ಅಂಚೆಲ್ಲ ಬೆಳ್ಳಗೆ ಉಪ್ಪುಗಟ್ಟಿದೆ. ಮೂತಿ ಮುಳುಗಿಸಿ ಕುಡಿದ, ಉಸಿರು ಬಿಟ್ಟ, ಮತ್ತೆ ಕುಡಿದ. ಅವನಿಗೆ ನೀರೆಂದರೆ ಆ ರುಚಿ. ಕಾರಿನಲ್ಲಿ ನಮ್ಮ ಕ್ಯಾನ್‌ಗಳು ಹಾಗೇ ಕೂತಿದ್ದವು. ತಂಗಿ ಅವುಗಳ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

ಸೋಮವಾರ ಅಮ್ಮ ಆಟೊ ಹಿಡಿದು ಲಾಯಕ್ಕೇ ಬಂದಳು. ತಲೆ ಬಗ್ಗಿಸಿ ನಿಂತಿದ್ದವನನ್ನು ಕಂಡು, "ನಾನೇ ಅಲ್ವೇನೇ ಕ್ಯಾನ್ ಅಂದಿದ್ದು," ಎಂದು ಸೆರಗು ಬಾಯಿಗಿಟ್ಟುಕೊಂಡಳು.

ರಾತ್ರಿಯೆಲ್ಲ ಅಲ್ಲೇ ಇದ್ದ ತಂಗಿ ಅಮ್ಮನ ಕೈ ಹಿಡಿದುಕೊಂಡಳು. "ಮದುವೆ ಆಗು ಅಂದೆ ನೀನು, ನಾನು ಕೇಳಲಿಲ್ಲ. ಕುದುರೆ ಬೇಡ ಅಂದೆ, ಕೇಳಲಿಲ್ಲ. ಹೋಗಿ ಹೋಗಿ ಇದೊಂದು ಮಾತು ಕೇಳಿದೆನಲ್ಲಮ್ಮ!"

ಅಮ್ಮ ಅಳುತ್ತಲೇ ನಕ್ಕಳು. "ಇನ್ಮೇಲೆ ಇದನ್ನೂ ಕೇಳಬೇಡ."

ಊಟದ ಹೊತ್ತಿನಲ್ಲಿ ಬಚ್ಚಲಿನ ಮಾತೆತ್ತಿದರೂ ಸಿಡುಕುತ್ತಿದ್ದ ಅಮ್ಮ ಅಂದಿನಿಂದ ಕಾಫಿ ಲೋಟ ಕೈಯಲ್ಲಿ ಹಿಡಿದೇ ತಂಗಿಯನ್ನು ಫೋನಿನಲ್ಲಿ "ಹಾಕಿದ್ನಾ?" ಎಂದು ಕೇಳತೊಡಗಿದಳು. ಇಲ್ಲ. ಇನ್ನೂ ಇಲ್ಲ. ನಾನು ಕಣ್ಣು ಮುಚ್ಚಿದರೆ ಗೊರಸು ತಂಗಿಯ ಕಿವಿಯ ಪಕ್ಕ ಹಾದುಹೋಗುತ್ತಿತ್ತು, ಅದರ ಹಿಂದೆಯೇ ಆ ನಿಶ್ಶಬ್ದ. ರಾತ್ರಿ ಎದ್ದು ನಡುಮನೆಗೆ ಬಂದರೆ ಅಮ್ಮನೂ ನಿದ್ದೆಯಿಲ್ಲದೆ ಕುರ್ಚಿಯಲ್ಲಿ ಕೂತಿರುತ್ತಿದ್ದಳು.

ಬುಧವಾರ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಮನೆಯವರ ವಾಟ್ಸಾಪ್ ಗುಂಪಿಗೆ ತಂಗಿ ಕಳಿಸಿದ ಒಂದು ಫೋಟೊ ಬಂತು. ಹುಲ್ಲಿನ ಮೇಲೆ ಹಸಿರು ಉಂಡೆಗಳು. ಜಯನಗರದ ಚಿಕ್ಕಪ್ಪ, ಏನೆಂದು ಸರಿಯಾಗಿ ನೋಡದೆ, ಕೈಮುಗಿಯುವ ಚಿತ್ರ ಹಾಕಿದರು.

"ಚಿಕ್ಕಪ್ಪ ಪ್ರಸಾದ ಅಂದ್ಕೊಂಡಿದ್ದಾರಮ್ಮ," ಎಂದು ಫೋನ್ ಮಾಡಿದೆ.

"ಅಂದ್ಕೊಳ್ಳಲಿ ಬಿಡು. ಸರಿಯಾಗೇ ಇದೆ," ಅಂದಳು.

ಅವನು ಉಳಿದ. ಆದರೂ ನನಗೆ ನಿದ್ದೆ ಬರಲಿಲ್ಲ. ಗಂಡಾಂತರ ಮುಗಿದದ್ದು ತಲೆಗೆ ಗೊತ್ತಿತ್ತು, ಕಿವಿಗೆ ಗೊತ್ತಿರಲಿಲ್ಲ. ಶನಿವಾರ ಲಾಯಕ್ಕೆ ಹೋದೆ. ಅವನು ಹುಲ್ಲು ಮೇಯುತ್ತಿದ್ದ. ತಂಗಿ ಅವನ ಕುತ್ತಿಗೆ ತಿಕ್ಕುತ್ತ, "ಕೇಳು ಹೋಗು," ಅಂದಳು. ನಾನು ಯಾಕೆ ಬಂದೆನೆಂದು ಅವಳಿಗೆ ಹೇಗೆ ಗೊತ್ತಾಯಿತೋ. ಪಕ್ಕೆಗೆ ಕೆನ್ನೆಯಿಟ್ಟೆ. ಬೆಚ್ಚಗಿತ್ತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಎಲ್ಲೋ ಆಳದಲ್ಲಿ ಗುಡುಗುಡು ಎಂದು ಹೊರಳಿ, ನಿಂತು, ಮತ್ತೆ ಹೊರಳಿತು.

ಭಾನುವಾರ ನನಗೆ ಎಚ್ಚರವಾದಾಗ ಬಿಸಿಲು ಹಾಸಿಗೆಯ ಮೇಲೆ ಬಂದಿತ್ತು. ಹಾಲಿನ ಪ್ಯಾಕೆಟ್ಟು ಇನ್ನೂ ಬಾಗಿಲ ಹೊರಗೇ ಇತ್ತು, ಅಮ್ಮನೂ ಎದ್ದಿರಲಿಲ್ಲ.